ಕಪ್ಪೆ ಕಾರು ಮತ್ತು ಉಸ್ತಾದರ ಕೆಂಪು ಬೊಟ್ಟು

ಗ್ಯಾರೇಜಿನ ಬೀಗದ ಕೈ ಅಳಿಯನಿಗೆ ಕೊಟ್ಟ ದಿನದಿಂದ ಮನೆಯವರು ನನ್ನನ್ನು ಒಂದು ಕಡೆ ಕೂರಿಸಲು ನೋಡುತ್ತಿದ್ದಾರೆ. ಆಗುತ್ತಿಲ್ಲ. ಒರಗುವ ಕುರ್ಚಿ ತಂದರು. ಕೂತು ಸ್ವಲ್ಪ ಹೊತ್ತಿಗೆ ಅದರ ಕಾಲಿನ ನಟ್ಟು ಸಡಿಲವಿದೆ ಅನ್ನಿಸಿ ಎದ್ದೆ. ಬಿಗಿ ಮಾಡಿ ಕೂತರೆ ಬಿಗಿ ಜಾಸ್ತಿಯಾಯಿತು ಅನ್ನಿಸಿ ಮತ್ತೆ ಎದ್ದೆ. "ಕುರ್ಚಿ ಇರೋದು ಕೂರಕ್ಕೆ ಕಣ್ರೀ, ರಿಪೇರಿಗಲ್ಲ" ಅಂದಳು ಹೆಂಡತಿ.

ಕೂರಲಾಗದವರು ಬರೆಯಲಿ ಎಂದು ಮಗಳು ಕಾಗದ ತಂದಿಟ್ಟಳು. ನಾನು ಪಂಚನಹಳ್ಳಿಯ ಶಾಲೆಯನ್ನು ನಾಲ್ಕನೇ ಕ್ಲಾಸಿಗೇ ಬಿಟ್ಟವನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಅಕ್ಷರ ತಪ್ಪಿದ್ದರೆ ಮಗಳು ತಿದ್ದುತ್ತಾಳೆ. ಎಂಜಿನ್ನಿನ ವಿಷಯದಲ್ಲಿ ಯಾರೂ ತಿದ್ದುವುದು ಬೇಡ.

ಈ ಕೆಲಸಕ್ಕೆ ಈಗ ಬರುವವರು ಆಗಾಗ ಮನೆಯತನಕ ಬರುತ್ತಾರೆ. ಹಳೇ ಕಾರು ತೆಗೆದುಕೊಂಡು ರೇಸಿಗೆ ತಯಾರು ಮಾಡುವ ಹುಚ್ಚು ಈಗ ಮತ್ತೆ ಹಬ್ಬಿದೆಯಂತೆ. ಫೋನು ಮುಂದೆ ಹಿಡಿದು, "ಇದಕ್ಕೆ ಇಷ್ಟು ಹಾರ್ಸ್‌ಪವರ್ ಅಣ್ಣ, ಅದಕ್ಕೆ ಅಷ್ಟು" ಎನ್ನುತ್ತಾರೆ. ಭಾರ ಎಷ್ಟಪ್ಪಾ ಎಂದರೆ ಮತ್ತೆ ಫೋನು ತಡಕುತ್ತಾರೆ. ಅವರಿಗೆ ನಿಂತಲ್ಲೇ ಹೇಳಿ ಮುಗಿಯುವ ಮಾತಲ್ಲ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ತರೀಕೆರೆಯಲ್ಲಿ, ಉಸ್ತಾದ್ ಬಾಬಾಜಾನ್ ಅವರ ಗ್ಯಾರೇಜಿನಲ್ಲಿ. ಆಳು ಗಿಡ್ಡ, ಕೈ ಮಾತ್ರ ದೊಡ್ಡದು. ಎಂಜಿನ್ ಓಡುತ್ತಿರುವಾಗ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಿಟ್ಟು, ತುದಿಯನ್ನು ಕಬ್ಬಿಣಕ್ಕೆ ತಾಗಿಸಿ, ಯಾವ ಬೇರಿಂಗು ಹೋಗಿದೆ ಎಂದು ಹೇಳುತ್ತಿದ್ದರು. ಇವತ್ತು ವಯರು ಚುಚ್ಚಿದರೆ ಕಂಪ್ಯೂಟರು ಹೇಳುತ್ತದೆ. ಕಂಪ್ಯೂಟರು ಬಯ್ಯುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ.

ಉಸ್ತಾದರ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಬ್ರೇಕು, ಸ್ಟೀರಿಂಗು, ಸ್ಪ್ರಿಂಗು, ಅಂದರೆ ಜನರ ಜೀವ ನಿಂತಿರುವ ಜಾಗದ ಬೋಲ್ಟುಗಳನ್ನು ಕೊನೆಗೆ ಅವರೇ ಬಿಗಿ ಮಾಡುತ್ತಿದ್ದರು. ಬಿಗಿ ಮಾಡಿದ ಮೇಲೆ ಸಣ್ಣ ಡಬ್ಬಿಯಿಂದ ಕೆಂಪು ಬಣ್ಣ ತೆಗೆದು ಬೋಲ್ಟಿನ ತಲೆಗೊಂದು ಬೊಟ್ಟು ಇಡುತ್ತಿದ್ದರು. ಕೆಂಪು ಬೊಟ್ಟಿನ ಬೋಲ್ಟನ್ನು ಅವರ ಶಿಷ್ಯರು ಯಾರೂ ಮುಟ್ಟುವಂತಿಲ್ಲ. ಬಿಚ್ಚುವುದಾದರೂ ಅವರೇ ಬಿಚ್ಚಬೇಕು. ಗ್ಯಾರೇಜು ಬಿಟ್ಟು ಹೋದವರಿಗೂ ಅದೇ ನಿಯಮ. ಮುಟ್ಟಿದವನೊಬ್ಬನಿದ್ದ, ಅವನ ಹೆಸರನ್ನು ಅಲ್ಲಿ ಆಮೇಲೆ ಯಾರೂ ಎತ್ತಲಿಲ್ಲ.

ಆ ಕಾಲದಲ್ಲಿ ನಮ್ಮ ಕಡೆ ರಿಪೇರಿ ಎಂದರೆ ಗಟ್ಟಿ ಮಾಡುವುದು. ಯಗಟಿಗೆ ಹೋಗುವ ಬಸ್ಸಿನ ಟಾಪಿನ ಮೇಲೆ ಕಾಯಿ ಮೂಟೆ, ಅದರ ಮೇಲೆ ಕುರಿ, ಕುರಿ ಪಕ್ಕದಲ್ಲಿ ಕುರಿಯವರು. ಬಾಡಿಗೆ ಜೀಪಿನಲ್ಲಿ ಡ್ರೈವರಿನ ತೊಡೆಯೊಂದು ಬಿಟ್ಟು ಉಳಿದೆಲ್ಲ ಕಡೆ ಜನ. ಹೊಸ ಗಾಡಿ ಬಂದರೂ ಮೊದಲು ಸ್ಪ್ರಿಂಗಿಗೆ ಒಂದು ಪಟ್ಟಿ ಜಾಸ್ತಿ ಹಾಕಿ, ಕೆಳಗೊಂದು ಚಾನೆಲ್, ಅಂದರೆ ಕಬ್ಬಿಣದ ತೊಲೆ, ಕೊಟ್ಟು ಕಳಿಸುತ್ತಿದ್ದೆವು. ಕಂಪನಿಯವರು ಮಾಡಿದ್ದನ್ನು ನಾವು ಪೂರ್ತಿ ಮಾಡುತ್ತೇವೆ ಅನ್ನುವ ಜಂಬ ನಮ್ಮದು. ಆ ರಸ್ತೆಗಳಿಗೆ ಅದು ಸರಿಯೂ ಆಗಿತ್ತು.

ತುರ್ತು ಪರಿಸ್ಥಿತಿ ಮುಗಿದ ಮಾರನೇ ವರ್ಷ ಉಸ್ತಾದರಿಗೆ ಹೇಳಿ, ಕಾಲು ಮುಟ್ಟಿ, ಕಡೂರಿಗೆ ಬಂದು ನನ್ನದೇ ಒಂದು ಶೆಡ್ ಹಾಕಿಕೊಂಡೆ. ಜಾಗ ಕೊಬ್ಬರಿ ಮಂಡಿಯ ಗುರುಶಾಂತಪ್ಪನವರದು. ಮಂಡಿಯ ಕಾಂಪೌಂಡಿನ ಮೂಲೆ. ನಾಲ್ಕು ಕಂಬ, ಮೇಲೆ ತಗಡು, ಕರೆಂಟಿಲ್ಲ. ಕರೆಂಟಿಗೆ ಜಾಗದವರ ಒಪ್ಪಿಗೆ ಬೇಕು. ಕೇಳಿದಾಗಲೆಲ್ಲ ಗುರುಶಾಂತಪ್ಪನವರು ವಿಭೂತಿ ಹಣೆಯನ್ನು ಒಂದು ಸಲ ಉಜ್ಜಿ, "ಮೊದ್ಲು ನಿಲ್ಲು, ಆಮೇಲೆ ನೋಡೋಣ" ಎನ್ನುತ್ತಿದ್ದರು. ನಿಲ್ಲುವುದು ಹೇಗೆ? ಬ್ಯಾಟರಿ ಚಾರ್ಜಿಗೆ ಹಿಟ್ಟಿನ ಗಿರಣಿಗೆ ಹೊರಬೇಕು, ಡ್ರಿಲ್ಲನ್ನು ಕೈಯಲ್ಲಿ ತಿರುಗಿಸಬೇಕು. ಯಾವತ್ತು ಎಬ್ಬಿಸುತ್ತಾರೋ ಎಂದು ಸಾಮಾನನ್ನು ಗೋಣಿಚೀಲದಿಂದ ಪೂರ್ತಿ ಹೊರಗೆ ತೆಗೆದಿರಲೇ ಇಲ್ಲ.

ಅಂಥದ್ದರಲ್ಲಿ ಅವರ ಮಗ ಶಿವಾನಂದ ಬಂದ. ಮದರಾಸಿನಲ್ಲಿ ಓದಿದವನು. ಅಲ್ಲಿ ಯುದ್ಧಕಾಲದಲ್ಲಿ ವಿಮಾನ ಇಳಿಯುತ್ತಿದ್ದ ಹಳೇ ಪಟ್ಟಿಯ ಮೇಲೆ ವರ್ಷಕ್ಕೊಮ್ಮೆ ಕಾರು ರೇಸು ನಡೆಸುತ್ತಿದ್ದರು. ಅದನ್ನು ನೋಡಿ ಬಂದವನಿಗೆ ಮಂಡಿಯಲ್ಲಿ ಕೂರಲಾಗುತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ಅವನೂ ನಾನೂ ಒಂದೇ.

"ರುದ್ರಣ್ಣ, ಎರಡು ಸೀಟಿನ ಇಂಗ್ಲಿಷ್ ಕಾರು ಎರಡು ಕಡೆ ಇದಾವೆ. ಒಂದು ತರೀಕೆರೆ ಮೇಲಿನ ಎಸ್ಟೇಟಲ್ಲಿ, ಇನ್ನೊಂದು ಅಜ್ಜಂಪುರದಲ್ಲಿ. ಯಾವುದು ರೇಸಿಗೆ ಆಗುತ್ತೆ ಅಂತ ನೀವು ಹೇಳ್ಬೇಕು" ಎಂದ.

ಗುರುಶಾಂತಪ್ಪನವರು ಹಿಂದೆಯೇ ಬಂದು ನಿಂತಿದ್ದರು. "ಅವನು ನನ್ನ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾನಂತೆ. ಸರಿ. ಆರಿಸೋನೂ ನೀನೇ, ತಯಾರು ಮಾಡೋನೂ ನೀನೇ. ಇವನು ಹೆಂಗೆ ಹೋದ್ನೋ ಹಂಗೇ ಮನೆಗೆ ಬರ್ಬೇಕು. ಏನಾದ್ರೂ ಹೆಚ್ಚು ಕಮ್ಮಿ ಆಯ್ತೋ, ನಿನ್ನ ತಗಡು ನೀನು ಬಿಚ್ಕೊಂಡು ಹೋಗು."

ಆಯಿತು ಎಂದೆ. ಬೇರೇನು ಹೇಳುವುದು.

ಮೊದಲು ತರೀಕೆರೆಗೆ ಹೋದೆವು. ಮಂಡಿಯ ಹಿರೇ ಹಮಾಲಿ ನಿಂಗನನ್ನೂ ಬಸ್ಸು ಹತ್ತಿಸಿಕೊಂಡೆ. ನಿಂಗ ಮೂಟೆಯ ಮೂಲೆಯೊಂದನ್ನು ಎತ್ತಿ ನೋಡಿ ತೂಕ ಹೇಳುವವನು. ತಕ್ಕಡಿ ಇಟ್ಟರೆ ಅವನು ಹೇಳಿದ್ದೇ ಬರುತ್ತಿತ್ತು. ಲಾರಿ ತೂಗುವ ಕಾಟಾದಲ್ಲಿ ಕಾರು ನಿಲ್ಲಿಸಿದರೆ ಒಟ್ಟು ಭಾರ ಗೊತ್ತಾಗುತ್ತದೆ, ಯಾವ ಚಕ್ರದ ಮೇಲೆ ಎಷ್ಟು ಕೂತಿದೆ ಎನ್ನುವುದು ಗೊತ್ತಾಗುವುದಿಲ್ಲ. ನನಗೆ ಬೇಕಿದ್ದದ್ದು ಅದು. "ಕಾರು ಎತ್ತಕ್ಕೆ ನನ್ನ ಕರ್ಕೊಂಡು ಹೋಗ್ತಾ ಇದೀಯ? ಕಾರು ಇರೋದು ನಮ್ಮನ್ನ ಎತ್ಕೊಂಡು ಹೋಗಕ್ಕಲ್ವೇನೋ" ಎಂದು ದಾರಿಯುದ್ದಕ್ಕೂ ಗೊಣಗಿದ.

ಎಸ್ಟೇಟಿನ ಕಾರು ಕೆಂಪಗೆ, ಉದ್ದ ಮೂತಿ, ಆರು ಸಿಲಿಂಡರು. ಉಸ್ತಾದರೇ ಅದನ್ನು ವರ್ಷಗಟ್ಟಲೆ ನೋಡಿಕೊಂಡಿದ್ದರು. ಅವತ್ತು ಅವರೂ ಬಂದು ಸ್ಟಾರ್ಟ್ ಮಾಡಿ ತೋರಿಸಿದರು. ಆ ಸದ್ದಿಗೆ ಶಿವಾನಂದನ ಮುಖ ಬೇರೆಯೇ ಆಯಿತು. ಸುಳ್ಳೇಕೆ, ನನಗೂ ಮೈ ಜುಮ್ಮೆಂದಿತು.

"ಇದು ಗಾಡಿ ಬೇಟಾ" ಎಂದರು ಉಸ್ತಾದ್. "ಕಣ್ಣು ಮುಚ್ಕೊಂಡು ತಗೊಳ್ಳಿ."

ನಾನು ಕಣ್ಣು ಮುಚ್ಚುವ ಬದಲು ಕೆಳಗೆ ತೂರಿದೆ. ಮಳೆ ಕಡೆಯ ಗಾಡಿ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ತಳದ ತಗಡು ನೆನೆದ ಹಪ್ಪಳದ ಹಾಗಾಗಿತ್ತು. ಸ್ಕ್ರೂಡ್ರೈವರ್ ಒತ್ತಿದೆ, ಒಳಗೆ ಹೋಯಿತು. ನಿಂಗ ಮುಂದಿನ ಮೂಲೆಗೆ ಕೈ ಕೊಟ್ಟು, ಉಸಿರು ಬಿಗಿಹಿಡಿದು, ಬಿಟ್ಟ. "ಇದು ಕಾರಲ್ಲ ಕಣ್ರೀ, ಕಾಯಿ ತುಂಬಿದ ಗಾಡಿ. ಭಾರ ಎಲ್ಲಾ ಮೂತಿಗೇ ಕೂತದೆ."

ಬೇಡ ಎಂದೆ. ಉಸ್ತಾದ್ ಎಂಜಿನ್ ಆಫ್ ಮಾಡಿದರು. ಬಸ್ಸಿನಲ್ಲಿ ಶಿವಾನಂದ ಕಿಟಕಿಯ ಕಡೆ ಮುಖ ತಿರುಗಿಸಿ ಕೂತ. ನನಗೆ ಸೀಟಿನಲ್ಲಿ ಕೂರಲಾಗದೆ ಬೀರೂರಿನ ತನಕ ಬಾಗಿಲಲ್ಲೇ ನಿಂತು ಬಂದೆ. ಅಜ್ಜಂಪುರದ್ದು ಕೆಟ್ಟಿದ್ದರೆ ಏನು ಗತಿ?

ಅಜ್ಜಂಪುರದ ಕಾರು ಈರಣ್ಣ ಎಂಬ ದನದ ದಲ್ಲಾಳಿಯ ಹತ್ತಿರವಿತ್ತು. ಯಾವುದೋ ಎಸ್ಟೇಟಿನ ಮ್ಯಾನೇಜರು ಊರು ಬಿಡುವಾಗ ಒಂದು ಜೊತೆ ಹೋರಿಗೆ ಬದಲು ಕೊಟ್ಟು ಹೋಗಿದ್ದನಂತೆ. ಹುಲ್ಲಿನ ಬಣವೆಯ ಪಕ್ಕ ಚಪ್ಪರದಡಿ ನಿಂತಿತ್ತು. ಇಷ್ಟೇ ಇಷ್ಟು ಕಾರು. ಹೊರಗೆ ಬಾಗಿಲ ಹಿಡಿಯಿಲ್ಲ, ಹಿಂದೆ ಡಿಕ್ಕಿಗೆ ಮುಚ್ಚಳವಿಲ್ಲ, ಎರಡು ದೀಪ ಬಾನೆಟ್ಟಿನ ಮೇಲೆ ಗುಡ್ಡೆ ಕಣ್ಣಿನಂತೆ ಕೂತಿದ್ದವು. ನಿಂಗ ನೋಡಿದವನೇ, "ಕಪ್ಪೆ" ಎಂದ. ಅದೇ ಹೆಸರು ನಿಂತಿತು.

"ಎಂಜಿನ್ ಒಂದು ಲೀಟರೂ ಇಲ್ಲ ರುದ್ರಣ್ಣ" ಎಂದು ಶಿವಾನಂದ ನನ್ನ ಕಿವಿಯಲ್ಲಿ ಹೇಳಿದ. ಈರಣ್ಣನಿಗೆ ಕೇಳಿಸಿತು.

"ಏನಪ್ಪಾ, ಅಮೃತಮಹಲ್ ಹೋರಿ ನೋಡಿದೀಯಾ? ಡುಬ್ಬ ದೊಡ್ಡದಿದ್ದಿದ್ದು ಚೆನ್ನಾಗಿ ಕಾಣ್ತದೆ. ಓಡೋದು ಮಾತ್ರ ಸಣ್ಣ ಹೊಟ್ಟೆದು. ನಾನು ಹೋರಿ ತಗೊಳ್ಳೋವಾಗ ಮುಖ ಆಮೇಲೆ ನೋಡ್ತೀನಿ. ಮೊದ್ಲು ಸೊಂಟ."

ಈ ಕಾರಿನ ಸೊಂಟ ಇರುವುದು ಸೀಟಿನ ಹಿಂದೆ, ತಳದಲ್ಲಿ. ಹಿಂದಿನ ಸ್ಪ್ರಿಂಗು ಲಾರಿಯಂತೆ ಎರಡು ಕಡೆ ಕಟ್ಟಿರುವುದಿಲ್ಲ. ಒಂದು ತುದಿ ತಗಡಿನ ಪೆಟ್ಟಿಗೆಯೊಳಗೆ ಹೊಕ್ಕಿದೆ, ಇನ್ನೊಂದು ತುದಿ ಚಾಚಿದ ಕೈಯಂತೆ ಅಚ್ಚನ್ನು ಹಿಡಿದಿದೆ. ಆ ಪೆಟ್ಟಿಗೆ ತುಕ್ಕು ಹಿಡಿದಿದ್ದರೆ ಕಾರಿಲ್ಲ. ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದೆ. ಕಂಚಿನ ಪಾತ್ರೆ ಬಡಿದ ಹಾಗೆ ಟಣ್ ಎಂದಿತು. ಒಣ ಸೀಮೆ ಅದನ್ನು ಕಾಪಾಡಿತ್ತು. ಎಂಜಿನ್ ಮಾತ್ರ ತಿರುಗದ ಹಾಗೆ ಹಿಡಿದುಕೊಂಡು ಹೋಗಿತ್ತು. ಅದಕ್ಕೆ ನಾನು ಹೆದರಲಿಲ್ಲ. ಅದೇ ಕಂಪನಿಯ ಹಳೇ ಮನೆ ಕಾರುಗಳಿಗೂ ಅದೇ ಎಂಜಿನ್ನು. ಬೆಂಗಳೂರಿನ ಗುಜರಿಯಲ್ಲಿ ಅದರ ಬಿಡಿಭಾಗ ಬೇಕಾದಷ್ಟು ಸಿಗುತ್ತಿತ್ತು. ಎಂಜಿನ್ ಹೊಸದು ಮಾಡಬಹುದು, ಮೈ ಮಾಡಲಾಗುವುದಿಲ್ಲ. ಹಳೇ ಕಾರು ಆರಿಸುವವರು ಈ ಒಂದು ಸಾಲನ್ನು ನೆನಪಿಟ್ಟುಕೊಂಡರೆ ಸಾಕು.

ನಿಂಗ ಹಿಂದಿನ ಮೂಲೆಗೆ ಒಬ್ಬನೇ ಕೈ ಹಾಕಿದ. ಚಕ್ರ ನೆಲ ಬಿಟ್ಟಿತು. ಅವನಿಗೇ ಆಶ್ಚರ್ಯವಾಗಿ ಇನ್ನೊಂದು ಸಲ ಎತ್ತಿದ. ನಾಲ್ಕೂ ಮೂಲೆ ಸುತ್ತಿ ಬಂದು, "ಎಲ್ಲಾ ಕಡೆ ಹತ್ತತ್ರ ಒಂದೇ ಕಣ್ರೀ" ಎಂದ.

ಈರಣ್ಣ ಹೆಗಲ ಟವೆಲು ತೆಗೆದು ಶಿವಾನಂದನ ಕೈ ಮೇಲೆ ಹಾಕಿದ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯಡಿ ಬೆರಳು ಹಿಡಿದು ಹೇಳುತ್ತಾರೆ. ಅಪ್ಪನ ಜೊತೆ ವ್ಯಾಪಾರಕ್ಕೆ ಓಡಾಡಿದ ಹುಡುಗ, ಅವನಿಗದು ಬರುತ್ತಿತ್ತು. ಟವೆಲ್ಲಿನಡಿ ಸ್ವಲ್ಪ ಹೊತ್ತು ಬೆರಳುಗಳು ಜಗಳವಾಡಿದವು. ಕಾರು ನಮ್ಮದಾಯಿತು. ಎತ್ತಿನ ಗಾಡಿಗೆ ಕಟ್ಟಿ ರೈಲ್ವೆ ಗೇಟಿನ ತನಕ ಎಳೆದು ಲಾರಿಗೇರಿಸಿದೆವು.

ಆಮೇಲಿನ ತಿಂಗಳುಗಳಲ್ಲಿ ನಾನು ಸರಿಯಾಗಿ ಕೂತು ಊಟ ಮಾಡಿದ್ದು ನೆನಪಿಲ್ಲ. ಕೈಯಲ್ಲಿ ರೊಟ್ಟಿ ಹಿಡಿದು ಕಾರಿನ ಸುತ್ತ ತಿರುಗುತ್ತಿದ್ದೆ. ಬೇಡದ್ದನ್ನೆಲ್ಲ ಬಿಚ್ಚಿದೆ: ಬಂಪರು, ಕಾರ್ಪೆಟ್ಟು, ಎಡಗಡೆಯ ಸೀಟಿನ ದಿಂಬು. ಜೀವಮಾನವೆಲ್ಲ ಗಾಡಿಗೆ ಕಬ್ಬಿಣ ಸೇರಿಸಿದ ಕೈ, ತೆಗೆಯುವಾಗ ಹಿಂದೆ ಮುಂದೆ ನೋಡುತ್ತಿತ್ತು. ಪ್ರತಿ ತುಂಡಿಗೂ ಇದನ್ನು ತೆಗೆದರೆ ಮುರಿದೀತೇ ಎನ್ನುವ ಯೋಚನೆ. ಪಿಸ್ಟನ್ನು, ಹೆಡ್ಡಿನ ಕೆಲಸಕ್ಕೆ ಬೆಂಗಳೂರಿಗೆ ಹೋಗಿ ಕೆಲವು ದಿನ ಅಲ್ಲೇ ಉಳಿಯಬೇಕಾಯಿತು.

ವಾಪಸ್ ಬಂದರೆ ನಿಂಗ ಶೆಡ್ಡಿನ ಮುಂದೆಯೇ ಸಿಕ್ಕಿದ. "ನಿಮ್ಮ ಉಸ್ತಾದ್ರು ಬಂದಿದ್ರು. ಎರಡು ದಿನ ಇದ್ದು ಕೆಲಸ ಮಾಡಿ ಹೋದ್ರು. ಪಾಪ, ಕಾಫಿಗೂ ಎದ್ದಿಲ್ಲ."

ಕೆಳಗೆ ತೂರಿದೆ. ಎರಡೂ ಸ್ಪ್ರಿಂಗಿಗೆ ದಪ್ಪನೆಯ ಪಟ್ಟಿ ಒಂದೊಂದು ಜಾಸ್ತಿ. ತಳದಲ್ಲಿ ಅಡ್ಡಲಾಗಿ ಲಾರಿಯ ಚಾನೆಲ್. ಕೆಲಸ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಚೆಂದ. ಪ್ರತಿ ಬೋಲ್ಟಿನ ತಲೆಯ ಮೇಲೂ ಕೆಂಪು ಬೊಟ್ಟು. ಶಿಷ್ಯನ ಮೊದಲ ಶೆಡ್ಡು, ಮೊದಲ ದೊಡ್ಡ ಕೆಲಸ. ಆ ತೆಳ್ಳನೆಯ ಸ್ಪ್ರಿಂಗ್ ನೋಡಿ ಉಸ್ತಾದರ ಮನಸ್ಸು ತಡೆದಿರಲಿಲ್ಲ.

ಬಿಚ್ಚಬೇಕೆಂದು ಸ್ಪ್ಯಾನರ್ ಹಿಡಿದೆ, ಬಿಟ್ಟೆ. ಮತ್ತೆ ಹಿಡಿದೆ. ಆಗಲಿಲ್ಲ. ಎಂಜಿನ್ ಜೋಡಿಸಿ ಮುಗಿದ ಮೇಲೆ, ಹಾಗೇ ಓಡಿಸಿ ನೋಡೋಣ ಎಂದು ಶಿವಾನಂದನನ್ನು ಸ್ಟೀರಿಂಗಿಗೆ ಕೂರಿಸಿ, ನಾನು ಪಕ್ಕದ ಬರೀ ತಗಡಿನ ಮೇಲೆ ಕೂತು ಯಗಟಿ ರಸ್ತೆಗೆ ಹೊರಟೆವು. ನೇರ ರಸ್ತೆಯಲ್ಲಿ ಎಂಜಿನ್ ಹಾಡುತ್ತಿತ್ತು. ಕೆರೆ ಏರಿಯ ಆಚೆಗಿನ ತಿರುವಿನಲ್ಲಿ ಸಣ್ಣದೊಂದು ಗುಣಿ. ಹಿಂದಿನ ಚಕ್ರ ಅದರಲ್ಲಿ ಇಳಿದು ಏಳಬೇಕಿತ್ತು, ಇಳಿಯಲಿಲ್ಲ, ಜಿಗಿಯಿತು. ಜಿಗಿದ ಬಾಲ ಮುಂದೆ ಬಂತು. ಆಕಾಶ, ರಸ್ತೆ, ರಾಗಿ ಪೈರು ಒಂದರ ಹಿಂದೊಂದು ಸುತ್ತಿ, ಹೊಲದ ಮಧ್ಯೆ ನಿಂತೆವು. ಶಿವಾನಂದನ ಹುಬ್ಬು ಒಡೆದು ರಕ್ತ ಇಳಿಯುತ್ತಿತ್ತು.

ಕುರಿ ಕಾಯುತ್ತಿದ್ದ ಮುದುಕ ಕೋಲೂರಿಕೊಂಡು ಬಂದ. "ಯಾವೂರು?" ಎಂದು ಕೇಳಿ, ಹೇಳಿದ ಮೇಲೆ, "ಕಡೂರಿಗೆ ರಸ್ತೆ ಆ ಕಡೆ ಅದೆ" ಎಂದು ತೋರಿಸಿದ.

ಮಗನ ಹುಬ್ಬಿನ ಪಟ್ಟಿ ನೋಡಿ ಗುರುಶಾಂತಪ್ಪನವರು ಬಯ್ಯಲಿಲ್ಲ. ಶೆಡ್ಡಿಗೆ ಬಂದು ತಗಡಿನ ಮಾಡನ್ನು ಒಂದು ಸಲ ನೋಡಿದರು. "ಇನ್ನೊಂದೇ ಸಲ" ಎಂದು ಹೊರಟುಹೋದರು.

ಮಾರನೇ ದಿನ ತರೀಕೆರೆಗೆ ಹೋದೆ. ಗ್ಯಾರೇಜಿನ ಎದುರಿನ ಹೋಟೆಲಿನಲ್ಲಿ ಎರಡು ಕಾಫಿ ಕುಡಿದು, ರಸ್ತೆ ದಾಟದೆ ಬಸ್ಸು ಹತ್ತಿ ವಾಪಸ್ ಬಂದೆ. ಅದರ ಮಾರನೇ ದಿನ ಮತ್ತೆ ಹೋದೆ. ಉಸ್ತಾದ್ ಗೇರ್‌ಬಾಕ್ಸ್ ತೊಳೆಯುತ್ತಿದ್ದರು.

"ನಿನ್ನೆ ಬಂದು ಹಂಗೇ ಹೋದ್ಯಂತೆ" ಎಂದರು, ತಲೆ ಎತ್ತದೆ.

"ಹೌದು ಉಸ್ತಾದ್. ಕಪ್ಪೆ ಕಾರು ಹೊಲಕ್ಕೆ ಹೋಯ್ತು."

"ನಾನು ಹಾಕಿದ್ದು ಮುರೀತಾ?"

"ಮುರೀಲಿಲ್ಲ. ಗಟ್ಟಿ ಜಾಸ್ತಿ ಆಯ್ತು. ಬಿಚ್ಚಬೇಕು."

ಕೈ ನಿಂತಿತು. ಕೈಯಲ್ಲಿದ್ದ ಗೇರನ್ನು ಸೀಮೆಎಣ್ಣೆಯ ಬಟ್ಟಲಿಗೆ ಇಳಿಸಿಟ್ಟರು. "ಇಷ್ಟು ವರ್ಷ ಜನ ನನ್ನ ಹತ್ರ ಮುರೀತು ಅಂತ ಬಂದಿದಾರೆ. ಗಟ್ಟಿ ಆಯ್ತು ಅಂತ ಬಂದೋನು ನೀನೇ ಮೊದ್ಲು. ಹೋಗು, ನಿನ್ನ ಶೆಡ್ಡು, ನೀನೇ ಬಿಚ್ಕೋ."

"ಬೊಟ್ಟು ನಿಮ್ಮದು ಉಸ್ತಾದ್."

ಅವರು ಮತ್ತೆ ಗೇರ್‌ಬಾಕ್ಸ್ ತೊಳೆಯತೊಡಗಿದರು. ನಾನು ಬಿಚ್ಚಲಿಲ್ಲ. ರೇಸು ಹತ್ತಿರ ಬರುತ್ತಿತ್ತು. ಶಿವಾನಂದ ಬೆಳಿಗ್ಗೆ ಸಂಜೆ ಬಂದು ಕೇಳುತ್ತಿದ್ದ: "ಅಣ್ಣಾ, ನಾಲ್ಕು ಬೋಲ್ಟು. ನೀವು ಬಿಚ್ಚಿದ್ರೆ ಅವರಿಗೆ ಯಾರು ಹೇಳ್ತಾರೆ?" ಯಾರೂ ಹೇಳುತ್ತಿರಲಿಲ್ಲ, ನಿಜ. ನಾನು ಸ್ಟೇಷನ್ನಿಗೆ ನಡೆದು ಹೋಗುವುದು, ಬೀರೂರು ಕಡೆಯ ಗಾಡಿ ನೋಡುವುದು, ಬರುವುದು. ಹೀಗೇ ಅಲೆದೆ.

ಒಂದು ದಿನ ಬೆಳಿಗ್ಗೆ ಪ್ಯಾಸೆಂಜರಿನಿಂದ ಉಸ್ತಾದ್ ಇಳಿದರು. ಬಗಲಲ್ಲಿ ಬಟ್ಟೆ ಸುತ್ತಿದ ಸ್ಪ್ಯಾನರುಗಳು. ಶೆಡ್ಡಿಗೆ ಬಂದವರು ಕಾರಿನ ಕೆಳಗೆ ನೋಡಲಿಲ್ಲ, ಬಾಗಿಲು ತೆಗೆದು ತಗಡಿನ ಮೇಲೆ ಕೂತರು. "ಎಲ್ಲಿ ಹೊಲಕ್ಕೆ ಹೋಯ್ತೋ ಅಲ್ಲಿಗೆ ನಡಿ" ಎಂದರು.

ನಾನೇ ಓಡಿಸಿದೆ. ಕೆರೆ ಏರಿ ದಾಟಿ ತಿರುವಿಗೆ ಬಂದಾಗ ಬೇಕೆಂದೇ ಆ ಗುಣಿಗೆ ಬಿಟ್ಟೆ. ಬಾಲ ಜಿಗಿಯಿತು, ನಿಧಾನವಿದ್ದುದರಿಂದ ಹಿಡಿದುಕೊಂಡೆ. ಉಸ್ತಾದರ ದೊಡ್ಡ ಕೈ ಬಾಗಿಲನ್ನು ಬಿಗಿಯಾಗಿ ಹಿಡಿದಿತ್ತು.

"ಇನ್ನೊಂದು ಸಲ" ಎಂದರು. ಮತ್ತೆ ಬಿಟ್ಟೆ. ಮತ್ತೆ ಜಿಗಿಯಿತು.

"ನಿಲ್ಸು."

ಶೆಡ್ಡಿಗೆ ಹೋಗೋಣ ಎಂದರೂ ಕೇಳಲಿಲ್ಲ. ರಸ್ತೆ ಪಕ್ಕದಲ್ಲೇ, ಬಿಸಿಲಿನಲ್ಲಿ, ಟವೆಲು ಹಾಸಿ ಕೆಳಗೆ ತೂರಿದರು. ಜಾಕ್ ಬೇಕಾಗಲಿಲ್ಲ. ನಾನು ಮೂಲೆ ಎತ್ತಿ ಹಿಡಿದೆ, ಅವರು ಕಲ್ಲು ಕೊಟ್ಟರು. ಒಂದೊಂದೇ ಕೆಂಪು ಬೊಟ್ಟಿನ ಬೋಲ್ಟು ಬಿಚ್ಚಿ ನನ್ನ ಅಂಗೈಗೆ ಹಾಕಿದರು. ಅದೇ ಕುರಿಯ ಮುದುಕ ದೂರದಲ್ಲಿ ನಿಂತು ನೋಡುತ್ತಿದ್ದ. ಪಟ್ಟಿ, ಚಾನೆಲ್ ಎಲ್ಲ ರಸ್ತೆ ಬದಿಗೆ ಬಿದ್ದ ಮೇಲೆ ಮತ್ತೆ ಹತ್ತಿ ಕೂತರು. ಈ ಸಲ ಜೋರಾಗಿಯೇ ಬಿಟ್ಟೆ. ಚಕ್ರ ಗುಣಿಗಿಳಿದು ಎದ್ದು ಬಂತು, ಬಾಲ ಬಾಲದ ಜಾಗದಲ್ಲೇ ಇತ್ತು.

ಬಹಳ ದೂರ ಹೋದ ಮೇಲೆ ಉಸ್ತಾದ್ ಹೇಳಿದರು: "ಬಗ್ಗಿ ನಡೀತದೆ ಇದು. ನಾನು ಬೆನ್ನಿಗೆ ಕೋಲು ಕಟ್ಟಿದ್ದೆ." ಶೆಡ್ಡಿಗೆ ಬಂದು, ಉಳಿದ ತೆಳ್ಳನೆಯ ಪಟ್ಟಿಗಳ ಬೋಲ್ಟನ್ನು ತಾವೇ ಬಿಗಿ ಮಾಡಿ, ಬಣ್ಣದ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟರು. "ಬೊಟ್ಟು ನೀನಿಡು."

ಮದರಾಸಿನಲ್ಲಿ ರೇಸು ನಡೆಯುವಾಗ ನಾನು ಒಂದು ಜಾಗದಲ್ಲಿ ನಿಂತಿರಲಿಲ್ಲ. ನೇರ ಪಟ್ಟಿಯಲ್ಲಿ ದೊಡ್ಡ ಎಂಜಿನ್ನಿನವರು ನಮ್ಮ ಕಪ್ಪೆಯನ್ನು ಹಿಂದೆ ಹಾಕುತ್ತಿದ್ದರು. ಅದನ್ನು ನೋಡಲಾಗದೆ ತಿರುವಿನ ಕಡೆ ಓಡುತ್ತಿದ್ದೆ. ಅಲ್ಲಿ ಅವರು ಬ್ರೇಕು ಹಿಡಿದು, ಅಗಲಕ್ಕೆ ಹೋಗಿ, ತಿರುವಿನ ಗುರುತಿಗೆ ಇಟ್ಟ ಡ್ರಮ್ಮುಗಳನ್ನು ಸುತ್ತಿ ಬರುವಷ್ಟರಲ್ಲಿ ಕಪ್ಪೆ ಒಳಗಿನಿಂದ ನುಸುಳಿರುತ್ತಿತ್ತು. ಸಣ್ಣ ಎಂಜಿನ್ನಿನವರ ಪೈಕಿ ಶಿವಾನಂದ ಮೂರನೆಯವನಾದ. ಬಹುಮಾನದ ಕಪ್ಪು ಸಿಕ್ಕಲಿಲ್ಲ, ಯಾರೋ ಒಂದು ಹಾರ ಹಾಕಿದರು. ನನಗೆ ಅದಲ್ಲ ಚಿಂತೆ, ಹುಡುಗ ಹೋದ ಹಾಗೇ ಮನೆ ಸೇರಬೇಕಿತ್ತು. ಲಾರಿ ಬೇಡ, ಓಡಿಸಿಕೊಂಡೇ ಹೋಗೋಣ ಎಂದು ಶಿವಾನಂದ ಹಟ ಹಿಡಿದ. ಬೆಂಗಳೂರು, ತಿಪಟೂರು, ಅರಸೀಕೆರೆ. ಪ್ರತಿ ಊರಿನಲ್ಲೂ ನಿಲ್ಲಿಸಿ ಕೆಳಗೆ ತೂರಿ, ಬೋಲ್ಟು ಸಡಿಲಾಗಿ ನನ್ನ ಬೊಟ್ಟು ಬಿರಿದಿದೆಯೇ ಎಂದು ನೋಡಿದೆ.

ಮಂಡಿಯ ಅಂಗಳದಲ್ಲಿ ಗುರುಶಾಂತಪ್ಪನವರು ನಿಂತಿದ್ದರು. ಪಕ್ಕದಲ್ಲಿ ಉಸ್ತಾದ್, ಬೆಳಿಗ್ಗೆಯೇ ಬಂದು ಕೂತಿದ್ದರಂತೆ. ಮಗ ಇಳಿದು ನಿಂತ. ತಂದೆ ಅವನ ಮುಖ, ಕೈ, ಕಾಲು ನೋಡಿದರು. ಆಮೇಲೆ ಕಾರಿನ ಸುತ್ತ ಒಂದು ಸುತ್ತು ಬಂದು ನಿಂಗನಿಗೆ, "ಎತ್ತೋ ನೋಡಣ" ಎಂದರು. ನಿಂಗ ಹಿಂದಿನ ಮೂಲೆ ಎತ್ತಿದ. ಅವರು ಬಗ್ಗಿ ತಳ ನೋಡಿದರು. ಏನು ಕಂಡಿತೋ, ಎದ್ದು ಕೈ ಕೊಡವಿಕೊಂಡರು.

"ರುದ್ರ, ಮೀಟ್ರು ಹಾಕಿಸ್ಕೋ" ಎಂದು ಹೇಳಿ ಒಳಗೆ ಹೋದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಉಸ್ತಾದರಿಗೆ ಮೊದಲೇ ಅರ್ಥವಾಗಿತ್ತು.

"ಕರೆಂಟ್ ಬಂದ್ರೆ ವೆಲ್ಡಿಂಗ್ ಮಿಷನ್ನು ತಗೊ" ಎಂದರು. ಹತ್ತಿರ ಬಂದು ಕಪ್ಪೆಯ ಬಾನೆಟ್ಟಿನ ಮೇಲೆ ಕೈಯಿಟ್ಟರು. "ಇದಕ್ಕೆ ಮಾತ್ರ ಮುಟ್ಟಿಸ್ಬೇಡ."

ಅವತ್ತೇ ಗೋಣಿಚೀಲ ಬಿಚ್ಚಿ, ಸ್ಪ್ಯಾನರುಗಳನ್ನೆಲ್ಲ ಕಂಬದ ಮೊಳೆಗಳಿಗೆ ನೇತುಹಾಕಿದೆ.